ಅಪ್ಪನಿಗೆ ಫೋನ್ ಕಲಿಸೋದಾ, ಅವರ ಪಾಡಿಗೆ ಬಿಟ್ಟುಬಿಡೋದಾ?

ಕುವೆಂಪುನಗರದವನು
ನಮ್ಮಪ್ಪನಿಗೆ 71. ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಲೇತ್ ಮೇಲೆ ಕೆಲಸ ಮಾಡಿ ನಿವೃತ್ತರಾದವರು. ಮೈಕ್ರೋಮೀಟರ್ ಹಿಡಿದು ಮಿಲಿಮೀಟರಿನ ನೂರನೇ ಒಂದು ಭಾಗದ ವ್ಯತ್ಯಾಸ ಕಂಡುಹಿಡೀತಿದ್ದ ಮನುಷ್ಯ. ಈಗಲೂ ಮಿಕ್ಸಿ ಕೆಟ್ಟರೆ ಅಂಗಡಿಗೆ ಕೊಡೋಕೆ ಬಿಡಲ್ಲ, ತಾವೇ ಬಿಚ್ಚಿಕೊಂಡು ಕೂರ್ತಾರೆ. ಅಂಥವರು ಫೋನಲ್ಲಿ ದುಡ್ಡು ಕಳಿಸು ಅಂದ್ರೆ ಮಾತ್ರ ಮುಟ್ಟಲ್ಲ. ಪೆನ್ಷನ್ ತೆಗೆಯೋಕೆ ಬ್ಯಾಂಕಿಗೇ ಹೋಗ್ಬೇಕು, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸ್ಕೊಂಡೇ ಬರ್ಬೇಕು. ಕರೆಂಟ್ ಬಿಲ್ ಕಟ್ಟೋಕೂ ಬಿಸಿಲಲ್ಲಿ ನಡ್ಕೊಂಡು ಹೋಗ್ತಾರೆ.

ನಾನೋ ನನ್ನ ಮಗಳೋ "ಕೊಡಿ ಇಲ್ಲಿ, ಎರಡು ನಿಮಿಷದ ಕೆಲಸ" ಅಂತ ಮಾಡಿಕೊಟ್ರೆ ಮುಖ ಗಂಟಿಕ್ಕಿಕೊಳ್ತಾರೆ. ಮೊನ್ನೆ ಊಟದ ಹೊತ್ತಲ್ಲಿ ನೇರವಾಗೇ ಅಂದ್ರು: "ನನ್ನ ದುಡ್ಡು ಎಷ್ಟಿದೆ ಅಂತ ತಿಳ್ಕೊಳ್ಳೋಕೆ ನಾನು ಮೊಮ್ಮಗಳು ಸ್ಕೂಲಿಂದ ಬರೋದನ್ನ ಕಾಯ್ಬೇಕಾ?"

ಮನೇಲಿ ಎರಡು ಪಕ್ಷ ಆಗಿದೆ. ಅವರಿಗೆ ಬೇಡವಾದ್ದನ್ನ ಯಾಕೆ ಹೇರ್ತೀರಿ ಅಂತ ನನ್ನ ಹೆಂಡತಿ. ನಾಳೆ ನಾವಿಲ್ಲದ ಹೊತ್ತಲ್ಲಿ ಏನು ಮಾಡ್ತಾರೆ ಅನ್ನೋದು ನನ್ನ ಚಿಂತೆ. ನಿಮ್ಮ ಮನೆಗಳಲ್ಲಿ ಹೇಗೆ? ಕಲಿಸಿದ್ದೀರಾ, ಅಥವಾ ಬಿಟ್ಟಿದ್ದೀರಾ?

ಮದ್ದೂರ್ ಹುಡ್ಗ
ಸರ್, ನೇರವಾಗಿ ಹೇಳ್ತೀನಿ, ಇದು ಹಠ ಅಷ್ಟೇ. ಯುಪಿಐ ಬಂದಿದ್ದು 2016ರಲ್ಲಿ. ನೋಟು ರದ್ದಾದ ಮೇಲೆ ಚಹಾ ಅಂಗಡಿಯವನೂ ಕಲಿತ, ಸೊಪ್ಪು ಮಾರೋರೂ ಕಲಿತ್ರು. ಲೇತ್ ನಡೆಸ್ತಿದ್ದವರಿಗೆ ಇದು ಯಾವ ಮಹಾ? ಕಲಿಯೋಕೆ ಮನಸ್ಸಿಲ್ಲ, ಅಷ್ಟೇ. ಬ್ಯಾಂಕಲ್ಲಿ ಪಾಸ್‌ಬುಕ್ ಮಷಿನ್ ಮುಂದೆ ನಿಂತು ನಾವು ಬೆವರೋದು ಇವರಿಂದಾನೇ.

ಸರಸ್ವತಿಪುರಂ ಮೇಡಂ
ಮದ್ದೂರಿನ ತಮ್ಮ, ನನಗೆ 68. ಹೈಸ್ಕೂಲಲ್ಲಿ ಗಣಿತ ಹೇಳಿಕೊಟ್ಟವಳು. ನಿನ್ನಂಥ ಸಾವಿರಾರು ಮಕ್ಕಳಿಗೆ ಲೆಕ್ಕ ಕಲಿಸಿದ್ದೀನಿ, ಅದಕ್ಕೇ ಹೇಳ್ತೀನಿ ಕೇಳು. ಇಲ್ಲಿ ತಪ್ಪಿರೋದು ಕಲಿಸೋರ ವಿಧಾನದಲ್ಲಿ.

ನನ್ನ ಮಗ ಹೇಗೆ ಕಲಿಸ್ತಿದ್ದ ಗೊತ್ತಾ? ಫೋನ್ ತನ್ನ ಕೈಲೇ ಹಿಡ್ಕೊಂಡು, ಹೆಬ್ಬೆರಳಲ್ಲಿ ಸರಸರ ಸರಿಸಿ, "ನೋಡಮ್ಮ, ಇಲ್ಲಿ, ಇಲ್ಲಿ, ಆಮೇಲೆ ಇಲ್ಲಿ, ಆಯ್ತು." ಏನಾಯ್ತು? ಅವನಿಗೆ ಆಯ್ತು. ಬೋರ್ಡ್ ಮೇಲೆ ಬರೆದ ಲೆಕ್ಕವನ್ನ ಮೇಷ್ಟ್ರು ಮೂರು ಸೆಕೆಂಡಿಗೆ ಒರೆಸಿದ್ರೆ ಯಾವ ಹುಡುಗ ಕಲೀತಾನೆ?

ಕೊನೆಗೆ ನನಗೆ ಸರಿಯಾಗಿ ಹೇಳಿಕೊಟ್ಟಿದ್ದು ಪಕ್ಕದ ಮನೆ ಬಾಡಿಗೆ ಹುಡುಗಿ. ಮೊದಲ ದಿನವೇ ಫೋನಿನ ಭಾಷೆ ಕನ್ನಡ ಮಾಡಿದ್ಲು, ಅಕ್ಷರ ದೊಡ್ಡದು ಮಾಡಿದ್ಲು, ಬೇಡದ ಆಪ್‌ಗಳನ್ನೆಲ್ಲ ಮುಂದಿನ ಪರದೆಯಿಂದ ತೆಗೆದ್ಲು. ಆಮೇಲೆ ಫೋನ್ ನನ್ನ ಕೈಗೆ ಕೊಟ್ಟು ತನ್ನ ಕೈ ಬೆನ್ನ ಹಿಂದೆ ಕಟ್ಕೊಂಡು ಕೂತ್ಲು. ಬಾಯಲ್ಲಿ ಮಾತ್ರ ಹೇಳ್ತಿದ್ಲು, ಒತ್ತಿದ್ದೆಲ್ಲ ನಾನೇ. ಒಂದು ರೂಪಾಯಿ ಅವಳಿಗೆ ಕಳಿಸೋದು, ಅವಳು ವಾಪಸ್ ಕಳಿಸೋದು. ಪ್ರತಿ ಹೆಜ್ಜೇನೂ ನಾನೇ ನೋಟ್‌ಬುಕ್ಕಲ್ಲಿ ಕನ್ನಡದಲ್ಲಿ ಬರ್ಕೊಂಡೆ. ಆ ಪುಸ್ತಕ ಈಗಲೂ ಫೋನ್ ಪಕ್ಕದಲ್ಲೇ ಇರುತ್ತೆ. ಇವತ್ತು ಹಾಲು, ಗ್ಯಾಸ್, ಔಷಧಿ, ಎಲ್ಲ ದುಡ್ಡೂ ನಾನೇ ಕಟ್ತೀನಿ.

ಕುವೆಂಪುನಗರದವರೇ, ಮೊದಲು ಆ "ಕೊಡಿ ಇಲ್ಲಿ" ಅನ್ನೋದನ್ನ ನಿಲ್ಲಿಸಿ. ನಿಮ್ಮ ಮಗಳಿಗೂ ಹೇಳಿ.

ನಾಲೆಬಯಲು
ಪಾಸ್‌ಬುಕ್ ಮಾತ್ರ ಬಿಡಬ್ಯಾಡಿ ಸಾ. ಅದು ದಾಖಲೆ.

ಪಾಂಡವಪುರದ ರೈತ
ವಯಸ್ಸಾದೋರ್ಗೆ ಟೆಕ್ನಾಲಜಿ ಹತ್ತಾಕಿಲ್ಲ ಅನ್ನೋದ ನಾನು ಒಪ್ಪಾಕಿಲ್ಲ. ನಮ್ಮೂರ್ಗೆ ಬಂದು ನೋಡಿ. ಎಪ್ಪತ್ತು ದಾಟಿದ ಗೌಡ್ರುಗಳೆಲ್ಲ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕ್ಸವ್ರೆ.

ಗೊತ್ತಿಲ್ದೋರ್ಗೆ ಹೇಳ್ತೀನಿ. ತ್ರೀ ಫೇಸ್ ಕರೆಂಟು ಒಂದೊಂದ್ ಪಾಳೀಲಿ ಹಗಲು ಬತ್ತದೆ, ಒಂದೊಂದ್ ಪಾಳೀಲಿ ರಾತ್ರಿ ಬತ್ತದೆ. ಮೊದ್ಲು ರಾತ್ರಿ ಕರೆಂಟು ಬಂತು ಅಂದ್ರೆ ಬ್ಯಾಟ್ರಿ ಹಿಡ್ಕಂಡು ಗದ್ದೆ ಬದೀನಾಗೆ ಹೋಗ್ಬೇಕಿತ್ತು. ಹಾವು, ಹಂದಿ, ಈಗ ಕಬ್ಬಿನ ಗದ್ದೇಲಿ ಚಿರತೆ ಬೇರೆ ಮರಿ ಹಾಕ್ತವೆ. ಈ ಸ್ಟಾರ್ಟರ್‌ನಾಗೆ ಒಂದು ಸಿಮ್ ಇರ್ತದೆ. ಮನೇಲಿ ಮಲಗಿದ್ದಂಗೇ ಅದ್ಕೆ ಫೋನ್ ಮಾಡಿದ್ರೆ ಮೋಟ್ರು ಆನ್ ಆಯ್ತದೆ. ಕರೆಂಟು ಬಂದ್ರೆ ಅದೇ ನಮ್ಗೆ ರಿಂಗ್ ಕೊಡ್ತದೆ. ಒಂದು ಫೇಸ್ ಹೋದ್ರೂ ಮೋಟ್ರು ಸುಟ್ಟೋಗ್ದಂಗೆ ತಾನೇ ಆಫ್ ಆಯ್ತದೆ.

ನಮ್ಮಪ್ಪ ಓದಿರೋದು ನಾಲ್ಕ್ನೇ ಕ್ಲಾಸು. ಯಾವ ನಂಬರ್ ಒತ್ತಿದ್ರೆ ಆನು, ಯಾವ್ದು ಒತ್ತಿದ್ರೆ ಆಫು ಅಂತ ನನ್ಗೇ ಹೇಳ್ಕೊಟ್ಟೋನು ಅವನು. ಆ ಸಿಮ್‌ಗೆ ರೀಚಾರ್ಜ್ ಮುಗಿಯೋ ತಾರೀಕು ಕ್ಯಾಲೆಂಡರ್‌ನಾಗೆ ಗುರ್ತು ಹಾಕಿಡ್ತಾನೆ. ಯಾಕೆ ಕಲ್ತ? ಅವನ ಕಷ್ಟ ಕಳೀತು, ಅದ್ಕೆ. ಪಂಪ್‌ಸೆಟ್ ಅವಂದು, ನೀರು ಅವಂದು, ಫೋನೂ ಅವಂದೇ. ಮಧ್ಯದಾಗೆ ಯಾರೂ ಇಲ್ಲ.

ದುಡ್ಡಿನ ಆಪ್ ವಿಚಾರದಾಗೆ ಅವನೂ ಮುಟ್ಟಾಕಿಲ್ಲ, ಆ ಮಾತು ಬೇರೆ. "ನೀರು ಬಂತೋ ಇಲ್ವೋ ಕಣ್ಣಿಗೆ ಕಾಣ್ತದೆ, ದುಡ್ಡು ಹೋಯ್ತೋ ಇಲ್ವೋ ಎಲ್ಲಿ ಕಾಣ್ತದೆ" ಅಂತಾನೆ. ನನ್ನತ್ರ ಅದ್ಕೆ ಉತ್ರ ಇಲ್ಲ.

ಮದ್ದೂರ್ ಹುಡ್ಗ
ಅಣ್ಣ, ಮೆಸೇಜ್ ಬರುತ್ತಲ್ಲ, ಅದೇ ಕಾಣೋದು.

ಪಾಂಡವಪುರದ ರೈತ
ಮೆಸೇಜು ಇಂಗ್ಲಿಷ್‌ನಾಗೆ ಬತ್ತದೆ ಕಣಪ್ಪ. ಡೇರಿಗೆ ಹಾಲು ಹಾಕಿದ್ರೆ ಎಷ್ಟ್ ಲೀಟ್ರು, ಫ್ಯಾಟ್ ಎಷ್ಟು ಅಂತ ಕೈಗೆ ಚೀಟಿ ಬತ್ತದೆ. ಅದ್ನ ನಮ್ಮಪ್ಪ ಜೋಬ್ನಾಗಿಟ್ಕಂಡು ಬಂದು ಗೂಡ್ನಾಗೆ ಜೋಡಿಸಿಡ್ತಾನೆ. ಹದಿನೈದು ದಿನಕ್ಕೆ ಕೂಡಿ ನೋಡ್ತಾನೆ. ಅಂಥಾವ್ನಿಗೆ ಓದಕ್ಕಾಗ್ದೇ ಇರೋ ಮೆಸೇಜು ಯಾವ ಲೆಕ್ಕ?

ಕೆಆರ್ ಮೊಹಲ್ಲಾ ಕಂಠಿ
ಮೈಸೂರಿನೋರು ಹೊಸದಕ್ಕೆ ಹೆದರೋ ಜನ ಅಲ್ಲವೇ ಅಲ್ಲ. ಆಲ್ ಇಂಡಿಯಾ ರೇಡಿಯೊ ಶುರುವಾಗಿದ್ದೇ ಮೈಸೂರಲ್ಲಿ. ನಮ್ಮ ಅಜ್ಜಂದಿರು ಆ ಕಾಲಕ್ಕೇ ರೇಡಿಯೊ ಕೇಳ್ತಿದ್ರು.

ಹಳೇ ರೇಡಿಯೊ
ಸಣ್ಣ ತಿದ್ದುಪಡಿ. ಆಲ್ ಇಂಡಿಯಾ ರೇಡಿಯೊ ಬೇರೆ. ಅದು ಬ್ರಿಟಿಷ್ ಸರ್ಕಾರದ ಬಾನುಲಿಗೆ 1936ರಲ್ಲಿ ಬಂದ ಹೆಸರು. ಮೈಸೂರಿನದು ಅದಕ್ಕಿಂತ ಮುಂಚಿನದು, 1935ರದ್ದು. ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೇಲೇ ಟ್ರಾನ್ಸ್‌ಮಿಟರ್ ಇಟ್ಟು ಖಾಸಗಿಯಾಗಿ ಶುರು ಮಾಡಿದ್ದು. ಆಕಾಶವಾಣಿ ಅನ್ನೋ ಹೆಸರು ಮೊದಲು ಇಟ್ಟಿದ್ದು ಆ ಕೇಂದ್ರಕ್ಕೆ. ದೇಶಕ್ಕೆಲ್ಲ ಅದೇ ಹೆಸರು ಹೋಗಿದ್ದು ಆಮೇಲೆ.

ಚರ್ಚೆಗೂ ಇದು ಸಂಬಂಧ ಇದೆ ಅಂತ ನನಗನ್ನಿಸುತ್ತೆ. ಕಾಲೇಜಲ್ಲಿ ಪಾಠ ಮಾಡ್ತಿದ್ದ ಮೇಷ್ಟ್ರು ಒಬ್ಬರು ಸ್ವಂತ ಆಸಕ್ತಿಯಿಂದ ತಂದ ತಂತ್ರಜ್ಞಾನ ಅದು. ಕನ್ನಡದಲ್ಲಿ ಮಾತಾಡ್ತು, ಕನ್ನಡದಲ್ಲಿ ಹಾಡ್ತು. ರೇಡಿಯೊ ಕೇಳೋಕೆ ಓದು ಬರಹ ಬೇಕಿರಲಿಲ್ಲ, ಇಂಗ್ಲಿಷ್ ಬೇಕಿರಲಿಲ್ಲ. ಅದಕ್ಕೇ ಅಜ್ಜಿಯರೂ ಅದನ್ನ ಮನೆಯವರ ಥರ ಒಳಗೆ ಬಿಟ್ಕೊಂಡ್ರು.

ಮಳವಳ್ಳಿ ಕಡೆಯವಳು
ರೇಡಿಯೊ ಮಾತು ಬಂತು, ಅದಕ್ಕೆ ನಮ್ಮ ಶಿವನಸಮುದ್ರದ್ದೂ ಸೇರಿಸ್ತೀನಿ. 1902ರಲ್ಲೇ ಅಲ್ಲಿ ಜಲವಿದ್ಯುತ್ ಶುರುವಾಯ್ತು. ಆದರೆ ಆ ಕರೆಂಟು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಹೊಸದು ನಮ್ಮೂರಿಗೆ ಬರೋದು ಬೇರೆ, ನಮ್ಮ ಮನೆಗೆ ಬರೋದು ಬೇರೆ.

ಇಲ್ಲಿ ಎಲ್ಲರೂ ಅಪ್ಪನ ಬಗ್ಗೆನೇ ಬರೀತಿದ್ದೀರಿ. ಅಮ್ಮಂದಿರ ಕಥೆ ಕೇಳಿ. ನಮ್ಮ ಮನೇಲಿ ಸ್ಮಾರ್ಟ್‌ಫೋನ್ ಮೊದಲು ಬಂದಿದ್ದು ಅಣ್ಣನಿಗೆ, ಆಮೇಲೆ ಅಪ್ಪನಿಗೆ, ಆಮೇಲೆ ಕಾಲೇಜು ಅಂತ ನನಗೆ. ಅಮ್ಮನ ಕೈಲಿರೋದು ಇವತ್ತಿಗೂ ಕೀಪ್ಯಾಡ್ ಫೋನು, ಅದೂ ಅಣ್ಣ ಬಿಸಾಕಿದ್ದು. 2023ರ ಆಗಸ್ಟಲ್ಲಿ ಮೈಸೂರಲ್ಲೇ ಗೃಹಲಕ್ಷ್ಮಿ ಶುರುವಾಯ್ತಲ್ಲ, ಅಮ್ಮನ ಹೆಸರಿಗೆ ತಿಂಗಳಿಗೆ 2000 ಮಂಜೂರಾಯ್ತು. ಖಾತೆ ಅಮ್ಮಂದು, ಆದರೆ ಖಾತೆಗೆ ಜೋಡಿಸಿರೋ ನಂಬರ್ ಅಣ್ಣಂದು. ದುಡ್ಡು ಬಂತು ಅನ್ನೋ ಮೆಸೇಜು ಬೆಂಗಳೂರಲ್ಲಿರೋ ಅಣ್ಣನಿಗೆ ಹೋಗುತ್ತೆ. ಅವನು ನೆನಪಾದಾಗ ಹೇಳ್ತಾನೆ. ಅಮ್ಮ ಕೇಳೋಕೆ ಸಂಕೋಚ ಪಡ್ತಾಳೆ. ಜೀವನದಲ್ಲಿ ಮೊದಲ ಸಲ ಅವಳ ಹೆಸರಲ್ಲೇ ಬಂದ ದುಡ್ಡು, ಬಂತೋ ಇಲ್ವೋ ಅಂತ ಮಗನ್ನ ಕೇಳ್ಬೇಕು!

ಇದನ್ನ ತಲೆಮಾರಿನ ಅಂತರ ಅಂತೀರಾ? ನಾನಂತೂ ಅನ್ನಲ್ಲ. ನಂಬರ್ ಯಾರ ಕೈಲಿದೆಯೋ ಯಜಮಾನಿಕೆ ಅವರದ್ದು, ಅಷ್ಟೇ.

ಸರಸ್ವತಿಪುರಂ ಮೇಡಂ
ಮಗು, ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಮಾತು ನೀನು ಹೇಳಿದ್ದು. ಆ ನಂಬರ್ ಬದಲಾಯಿಸೋ ಕೆಲಸ ಈ ವಾರವೇ ಮಾಡು.

ಹತ್ತನೇ ಕ್ಲಾಸ್
ನಮ್ಮನ್ನೂ ಸ್ವಲ್ಪ ಅರ್ಥ ಮಾಡ್ಕೊಳ್ಳಿ. ಪರೀಕ್ಷೆಗೆ ಓದ್ತಾ ಕೂತಿರೋವಾಗ ಅಜ್ಜ, ಅಜ್ಜಿ, ಎದುರು ಮನೆ ಅಂಕಲ್, ಎಲ್ಲರೂ "ಇದೊಂದು ನೋಡು" ಅಂತ ಬರ್ತಾರೆ. ಬೇಗ ಮುಗಿಸೋಕೆ ನಾವೇ ಮಾಡಿಕೊಡ್ತೀವಿ. ತಾತ್ಸಾರ ಅಲ್ಲ ಅದು.

ಮಳವಳ್ಳಿ ಕಡೆಯವಳು
ಅದೂ ನಿಜ. ರೇಷನ್ ಕಾರ್ಡಿನ ಇ-ಕೆವೈಸಿ, ಪಹಣಿ ತೆಗೆಯೋದು, ಪಿಎಂ ಕಿಸಾನ್ ಬಂತಾ ನೋಡೋದು, ಯಾರದೋ ಓಟಿಪಿ. ಊರಿನ ಅರ್ಧ ಜನಕ್ಕೆ ನಾನೇ ಕಚೇರಿ. ಖುಷಿಯಿಂದಲೇ ಮಾಡ್ತೀನಿ, ಆದರೆ ಅದು ಕೆಲಸ ಅಂತ ಯಾರೂ ಎಣಿಸಲ್ಲ.

ಅಗ್ರಹಾರ ಸರ್ಕಲ್
ನನ್ನ ವಾದ ಬೇರೆ. ಯಾಕೆ ಕಲೀಬೇಕು? ನಲವತ್ತು ವರ್ಷ ದುಡಿದು, ತೆರಿಗೆ ಕಟ್ಟಿ, ಮಕ್ಕಳನ್ನ ದಡ ಸೇರಿಸಿದ ಮನುಷ್ಯ ಕೌಂಟರ್‌ಗೆ ಬಂದು ಮನುಷ್ಯರ ಜೊತೆ ಮಾತಾಡಿ ದುಡ್ಡು ತಗೋತೀನಿ ಅಂದ್ರೆ ಅದು ಅವನ ಹಕ್ಕು. ಇವತ್ತು ಕೌಂಟರ್‌ನಲ್ಲೇ "ಫೋನಲ್ಲಿ ಮಾಡ್ಕೊಳ್ಳಿ" ಅಂತ ವಾಪಸ್ ಕಳಿಸ್ತಾರೆ. ಹೊಂದಿಕೋಬೇಕಾದ್ದು ಸೇವೆ ಕೊಡೋರು. ಎಲ್ಲ ಭಾರಾನೂ ಎಪ್ಪತ್ತರ ಮುದುಕರ ಹೆಗಲಿಗೆ ಯಾಕೆ?

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ನಮ್ಮ ತಂದೆಗೆ ಬ್ಯಾಂಕಿಗೆ ಹೋಗೋದು ಅಂದ್ರೆ ದುಡ್ಡಿನ ಕೆಲಸ ಮಾತ್ರ ಅಲ್ಲ. ಹಳೇ ಸಹೋದ್ಯೋಗಿಗಳು ಸಿಗ್ತಾರೆ, ಯಾರ ಮನೇಲಿ ಮದುವೆ, ಯಾರಿಗೆ ಬೈಪಾಸ್, ಎಲ್ಲ ಗೊತ್ತಾಗುತ್ತೆ. ವಾಪಸ್ ಬರ್ತಾ ದೇವರಾಜ ಮಾರ್ಕೆಟಲ್ಲಿ ವೀಳ್ಯದೆಲೆ, ಬಾಳೆಹಣ್ಣು. ಅದನ್ನ ಎರಡು ನಿಮಿಷದ ಕೆಲಸ ಮಾಡಿಬಿಟ್ರೆ ಉಳಿದ ಬೆಳಗ್ಗೆಯೆಲ್ಲ ಅವರು ಏನು ಮಾಡ್ಬೇಕು?

ಮದ್ದೂರ್ ಹುಡ್ಗ
ಹಕ್ಕು ಅಂತ ಕೂತ್ರೆ ಮಳೆಗಾಲದಲ್ಲಿ ಮಂಡಿನೋವು ಇಟ್ಕೊಂಡು ಬ್ಯಾಂಕಿಗೆ ಹೋಗೋರು ಯಾರು ಸಾರ್? ನಮ್ಮ ಅಜ್ಜಿ ಕಳೆದ ವರ್ಷ ಬಿದ್ದಿದ್ದು ಹಾಗೇ. ಕೌಂಟರೂ ಇರ್ಲಿ, ಫೋನೂ ಬರ್ಲಿ ಅಂತ ನಾನು ಹೇಳೋದು.

ಅಗ್ರಹಾರ ಸರ್ಕಲ್
ಅಜ್ಜಿ ಹುಷಾರಾಗಿದ್ದಾರಾ ಈಗ? ಎರಡೂ ಇರ್ಲಿ ಅನ್ನೋದಕ್ಕೆ ನನ್ನ ತಕರಾರಿಲ್ಲ. ಒಂದನ್ನ ತೋರಿಸಿ ಇನ್ನೊಂದನ್ನ ಮುಚ್ಚೋದಕ್ಕೆ ತಕರಾರು.

ಮದ್ದೂರ್ ಹುಡ್ಗ
ನಡೀತಾರೆ ಸಾರ್, ಕೋಲು ಹಿಡ್ಕೊಂಡು. ಮೇಡಂ ಹೇಳಿದ ಹಾಗೆ ಭಾಷೆ ಬದಲಾಯಿಸಿ ಕೊಟ್ಟು ನೋಡ್ತೀನಿ ಅವರಿಗೆ.

ಹೂವಿನ ಸಾಲು
ಮಾರ್ಕೆಟ್ ಹತ್ರ ನಮ್ಮ ಅತ್ತೆ ಹೂವು ಮಾರ್ತಾರೆ. ಅಕ್ಷರ ಬರಲ್ಲ. ಕ್ಯೂಆರ್ ಕೋಡ್ ಹಾಕಿಸೋಕೆ ಒಪ್ತಾನೇ ಇರಲಿಲ್ಲ. ಯಾರೋ ಹಳೇ ಫೋಟೋ ತೋರಿಸಿ "ಕಳಿಸಿದ್ದೀನಿ" ಅಂತ ಹೋಗ್ಬಿಡ್ತಾರೆ ಅನ್ನೋ ಭಯ. ದುಡ್ಡು ಬಂದ ತಕ್ಷಣ ಕನ್ನಡದಲ್ಲಿ ಕೂಗಿ ಹೇಳೋ ಡಬ್ಬ ಬಂತಲ್ಲ, ಅವತ್ತಿಂದ ನೋಟಿಗಿಂತ ಅದನ್ನೇ ಜಾಸ್ತಿ ನಂಬ್ತಾರೆ. ಹಬ್ಬದ ಗಲಾಟೆಯಲ್ಲಿ ಹರಿದ ನೋಟು, ಚಿಲ್ಲರೆ ಜಗಳ ಎರಡೂ ಇಲ್ಲ ಅಂತಾರೆ. ಪಾಂಡವಪುರದ ಅಣ್ಣನ ತಂದೆ ಕೇಳಿದ್ರಲ್ಲ, ದುಡ್ಡು ಎಲ್ಲಿ ಕಾಣ್ತದೆ ಅಂತ. ನಮ್ಮತ್ತೆಗೆ ಅದು ಕಿವಿಗೆ ಕೇಳಿಸ್ತು.

ಪಾಂಡವಪುರದ ರೈತ
ಒಳ್ಳೇ ಮಾತು ಹೇಳಿದ್ರಿ ಅಕ್ಕ. ಅಪ್ಪನಿಗೆ ಹೇಳ್ತೀನಿ.

ಕೌಂಟರ್ ನಂ. 3
ಮಂಡ್ಯ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ ಮಾಡ್ತೀನಿ. ದಿನಾ ಈ ಎರಡೂ ತಲೆಮಾರನ್ನ ಗಾಜಿನ ಆ ಕಡೆ ನೋಡ್ತೀನಿ, ಅದಕ್ಕೆ ಸ್ವಲ್ಪ ಉದ್ದ ಬರೀತಿದ್ದೀನಿ.

ವಯಸ್ಸಾದವರ ಭಯಕ್ಕೆ ಕಾರಣ ಇದೆ. "ಇವತ್ತು ರಾತ್ರಿ ನಿಮ್ಮ ಕರೆಂಟ್ ಕಟ್ ಆಗುತ್ತೆ, ಈ ನಂಬರ್‌ಗೆ ಫೋನ್ ಮಾಡಿ" ಅನ್ನೋ ಸುಳ್ಳು ಮೆಸೇಜಿಗೆ ದುಡ್ಡು ಕಳ್ಕೊಂಡವರು ನಮ್ಮ ಕೌಂಟರ್ ಮುಂದೆ ಅತ್ತಿದ್ದಾರೆ. ಅವರು ದಡ್ಡರಲ್ಲ. ಬಿಲ್ ಬಾಕಿ ಇಟ್ರೆ ಅವಮಾನ ಅಂತ ಬದುಕಿದವರು, ಅದಕ್ಕೇ ಗಾಬರಿ ಬಿದ್ದಿದ್ದು. ಇನ್ನು "ಡಿಜಿಟಲ್ ಅರೆಸ್ಟ್" ಅಂತ ವಿಡಿಯೊ ಕಾಲ್ ಮಾಡಿ ಹೆದರಿಸೋರಿಗೆ ಡಾಕ್ಟರ್, ಪ್ರೊಫೆಸರ್‌ಗಳೂ ಸಿಕ್ಕಿಬಿದ್ದಿದ್ದಾರೆ. ನಮ್ಮ ಕಾನೂನಲ್ಲಿ ಅಂಥ ಬಂಧನವೇ ಇಲ್ಲ. ಪೊಲೀಸರು ವಿಡಿಯೊ ಕಾಲಲ್ಲಿ ಯಾರನ್ನೂ ಅರೆಸ್ಟ್ ಮಾಡಲ್ಲ. ಇದನ್ನ ಮನೇಲಿ ಗಟ್ಟಿಯಾಗಿ ಹೇಳಿ.

ಕುವೆಂಪುನಗರದವರಿಗೆ ನನ್ನ ಸಲಹೆ. ಪೆನ್ಷನ್ ಬರೋ ಖಾತೆಯನ್ನ ಯುಪಿಐಗೆ ಜೋಡಿಸಲೇಬೇಡಿ. ಬೇರೆ ಒಂದು ಸಣ್ಣ ಖಾತೆ ಮಾಡಿಸಿ, ಅದರಲ್ಲಿ ತಿಂಗಳ ಖರ್ಚಿಗೆ ಬೇಕಾದಷ್ಟೇ ಇರಲಿ, ಅದನ್ನ ಫೋನಿಗೆ ಜೋಡಿಸಿ. ಹೋದ್ರೂ ಅಷ್ಟೇ ಹೋಗೋದು ಅಂತ ಗೊತ್ತಾದ್ರೆ ಕೈ ನಡುಗಲ್ಲ. ಪಿನ್ ಒತ್ತೋದು ದುಡ್ಡು ಕಳಿಸೋಕೆ ಮತ್ತು ಬ್ಯಾಲೆನ್ಸ್ ನೋಡೋಕೆ. ದುಡ್ಡು ಬರೋಕೆ ಪಿನ್ ಒತ್ತೋದೂ ಇಲ್ಲ, ಯಾವುದನ್ನೂ ಸ್ಕ್ಯಾನ್ ಮಾಡೋದೂ ಇಲ್ಲ. ಈ ಒಂದು ಮಾತು ತಲೇಲಿದ್ರೆ ಎಷ್ಟೋ ಮೋಸ ತಪ್ಪುತ್ತೆ. ಏನಾದ್ರೂ ಆದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಮರ್ಯಾದೆ ಹೋಗುತ್ತೆ ಅಂತ ಮುಚ್ಚಿಟ್ಟಷ್ಟೂ ಹೊತ್ತು ದುಡ್ಡು ಖಾತೆಯಿಂದ ಖಾತೆಗೆ ದಾಟ್ತಾ ಹೋಗುತ್ತೆ.

ನವೆಂಬರಲ್ಲಿ ಜೀವನ ಪ್ರಮಾಣ, ಅಂದ್ರೆ ಪಿಂಚಣಿದಾರರು ಬದುಕಿದ್ದಾರೆ ಅನ್ನೋ ಪ್ರಮಾಣಪತ್ರ, ಕೊಡೋಕೆ ಬಂದಾಗ ಎಷ್ಟೋ ಜನರ ಬೆರಳಚ್ಚು ಹತ್ತಲ್ಲ. ಮಣ್ಣು, ಕಬ್ಬಿಣ, ಪಾತ್ರೆ ಮುಟ್ಟಿ ಗೆರೆ ಸವೆದಿರುತ್ತೆ. ಅವರು ಅದನ್ನ ತಮ್ಮದೇ ಕುಂದು ಅನ್ನೋ ಹಾಗೆ ಮುಖ ಮಾಡ್ಕೊಳ್ತಾರೆ, ನೋಡೋಕಾಗಲ್ಲ. ಈಗ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿಯೂ ಕೊಡಬಹುದು. ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡೋ ವ್ಯವಸ್ಥೆಯೂ ಇದೆ. ಕೇಂದ್ರ ಸರ್ಕಾರದ ಪಿಂಚಣಿದಾರರಲ್ಲಿ 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ಕೀಪ್ಯಾಡ್ ಫೋನ್ ಇರೋರಿಗೆ 2022ರಲ್ಲಿ ಯುಪಿಐ 123ಪೇ ಅಂತ ಬಂದಿದೆ, ಇಂಟರ್ನೆಟ್ ಬೇಡ.

ಕೆಆರ್ ಮೊಹಲ್ಲಾ ಕಂಠಿ
ಕೌಂಟರ್ ಸಾರ್, ಬೇರೆ ಸಣ್ಣ ಖಾತೆ ಅನ್ನೋದು ನನಗೇ ಹೊಳೆದಿರಲಿಲ್ಲ. ನಮಗೂ ಬೇಕು ಅದು.

ಕುವೆಂಪುನಗರದವನು
ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಇದನ್ನೆಲ್ಲ ಅಪ್ಪನಿಗೆ ಓದಿ ಹೇಳಿದೆ. ಮೊಬೈಲ್ ಸ್ಟಾರ್ಟರ್ ವಿಷಯ ಬಂದಾಗ ಎದ್ದು ಕೂತ್ರು. ಅದರೊಳಗೆ ರಿಲೇ ಹೇಗಿರುತ್ತೆ ಅಂತ ಕೇಳ್ತಿದ್ದಾರೆ, ಪಾಂಡವಪುರದ ಅಣ್ಣ ಒಂದು ಫೋಟೋ ಹಾಕಿದ್ರೆ ಉಪಕಾರ.

ನಾನು ಅವರನ್ನ ಯಾಕೆ ಬೇಡ ಅಂತ ಇಷ್ಟು ದಿನ ಸರಿಯಾಗಿ ಕೇಳಿರಲಿಲ್ಲ. ಕೇಳಿದ್ದಕ್ಕೆ ಹೇಳಿದ್ರು: "ವರ್ಕ್‌ಶಾಪಲ್ಲಿ ಒಂದು ಬೋಲ್ಟ್ ಕೊಟ್ರೂ ಜಾಬ್ ಕಾರ್ಡ್ ಮೇಲೆ ಕೊಟ್ಟೋನ ಸಹಿ, ತಗೊಂಡೋನ ಸಹಿ ಇರ್ತಿತ್ತು. ಇದರಲ್ಲಿ ತಪ್ಪಾದ್ರೆ ಯಾರನ್ನ ಹೋಗಿ ಕೇಳ್ಲಿ?" ಅವರ ಷರತ್ತು ಎರಡು. ಪಾಸ್‌ಬುಕ್ ಬಿಡಲ್ಲ, ತಿಂಗಳಿಗೊಮ್ಮೆ ಹೋಗಿ ಫೋನಿನ ಲೆಕ್ಕ ಅದಕ್ಕೆ ತಾಳೆ ನೋಡ್ತಾರಂತೆ. ಎರಡನೇದು, ಕಲಿಸೋದು ಮೊಮ್ಮಗಳೇ ಆಗ್ಬೇಕು, ನಾನಲ್ಲ. ನನಗೆ ತಾಳ್ಮೆ ಇಲ್ಲವಂತೆ. ಮಗಳು ಒಪ್ಪಿದ್ದಾಳೆ. ಅವಳಿಗೆ ಮೈಕ್ರೋಮೀಟರ್ ಓದೋದು ಕಲಿಸ್ತೀನಿ ಅಂತ ಅಪ್ಪ ಮಾತು ಕೊಟ್ಟಿದ್ದಾರೆ.

ಸರಸ್ವತಿಪುರಂ ಮೇಡಂ
ನೋಟ್‌ಬುಕ್ ಮರೀಬೇಡಿ. ಬರೆಯೋದು ಅವರ ಕೈಯಲ್ಲೇ ಆಗ್ಬೇಕು.

ಪಾಂಡವಪುರದ ರೈತ
ಫೋಟೋ ನಾಳೆ ಬೆಳಿಗ್ಗೆ ಹಾಕ್ತೀನಿ. ಮುಚ್ಚಳ ಬಿಚ್ಚಬೇಕು, ಮೇನ್ ಆಫ್ ಮಾಡ್ಕಂಡು.

ಮಳವಳ್ಳಿ ಕಡೆಯವಳು
ಕೌಂಟರ್ ಸರ್, ಅಮ್ಮನ ಖಾತೆಗೆ ನಂಬರ್ ಬದಲಾಯಿಸೋಕೆ ನಾನೊಬ್ಬಳೇ ಹೋದ್ರೆ ಆಗುತ್ತಾ? ಅಣ್ಣನ ಒಪ್ಪಿಗೆ ಬೇಕಾ?

ಕೌಂಟರ್ ನಂ. 3
ಅಣ್ಣನ ಒಪ್ಪಿಗೆ ಏನೂ ಬೇಡ, ಖಾತೆ ಅಮ್ಮಂದು. ಆದರೆ ಅಮ್ಮನೇ ಬರ್ಬೇಕು. ಪಾಸ್‌ಬುಕ್, ಆಧಾರ್ ಕಾರ್ಡ್, ಅಮ್ಮನ ಹೆಸರಲ್ಲಿರೋ ಸಿಮ್ ಹಾಕಿರೋ ಫೋನ್ ತನ್ನಿ. ಅರ್ಜಿಗೆ ಅಮ್ಮನ ಸಹಿ ಅಥವಾ ಹೆಬ್ಬೆಟ್ಟು ಬೇಕು. ಆಧಾರ್‌ನಲ್ಲಿರೋ ನಂಬರ್ ಬೇರೆ, ಅದೂ ಅಣ್ಣಂದೇ ಇದ್ರೆ ಆಧಾರ್ ಕೇಂದ್ರಕ್ಕೆ ಹೋಗಿ ಬದಲಾಯಿಸಿ, ಇಲ್ಲದಿದ್ರೆ ಆ ಓಟಿಪಿ ಅವನಿಗೇ ಹೋಗ್ತಿರುತ್ತೆ. ಬ್ಯಾಂಕಿಗೆ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬನ್ನಿ, ಸಂತೆ ದಿನ ಮಾತ್ರ ಬೇಡ.